ಆ ಆಸಿಡ್ ಕ್ಯಾನ್ ಮುಚ್ಚಿಯೇ ಇರಲಿ

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಪಾಚಿಯ ವಿಷಯ ಅಲ್ಲ ಮಾರಾಯಾ. "ದೊಡ್ಡಪ್ಪ, ಮಳೆಗಾಲ ಪೂರ್ತಿ ಮುಚ್ಚಿಟ್ಟ ಪೂಲ್ ಹಸಿರುಗಟ್ಟಿಹೋಗಿತ್ತು, ಮೊನ್ನೆ ನೀರೆಲ್ಲ ಖಾಲಿ ಮಾಡಿಸಿದೆ. ಗೋಡೆಗೆ ಹಿಡಿದದ್ದು ಎಷ್ಟು ಉಜ್ಜಿದರೂ ಬಿಡ್ತಾ ಇಲ್ಲ. ಬ್ಲೀಚಿಂಗ್ ಪೌಡರ್ ಎರಚಿದೀನಿ. ಎರಡು ಕ್ಯಾನ್ ಆಸಿಡ್ ತಂದಿಟ್ಟಿದೀನಿ, ನಾಳೆ ಹುಡುಗರನ್ನ ಇಳಿಸ್ತೀನಿ" ಅಂದೆಯಲ್ಲ, ಆ ಕೊನೆಯ ಎರಡು ಮಾತು. ದಸರೆ ರಜೆಗೆ ಹೋಮ್‌ಸ್ಟೇ ಪೂರ್ತಿ ಬುಕ್ ಆಗಿದೆ, ನಿನಗೆ ಅವಸರ ಇದೆ, ಗೊತ್ತು. ಆದರೂ ಬೇಡ ಅಂದೆ. ಯಾಕೆ ಬೇಡ ಅಂತ ಹೇಳುವಷ್ಟರಲ್ಲಿ ನಿಮ್ಮ ಕಡೆಯ ಸಿಗ್ನಲ್ ಹೋಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರೆದದ್ದಾದರೆ ಪಂಪ್ ರೂಮಿನ ಗೋಡೆಗೆ ಅಂಟಿಸಿಡಬಹುದು.

28 ವರ್ಷ ಬೆಂಗಳೂರಿನ ಒಂದು ಕ್ಲಬ್ಬಿನ ಈಜುಕೊಳ ನೋಡಿಕೊಂಡವನು ನಾನು. ಅಷ್ಟು ವರ್ಷದಲ್ಲಿ ತುಂಬಿದ ಕೊಳದಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಆದದ್ದು ಖಾಲಿ ಕೊಳದಲ್ಲಿ, ಅದೂ ನನ್ನ ಕಣ್ಣೆದುರಿಗೆ, ನನ್ನದೇ ತಪ್ಪಿನಿಂದ. ವರ್ಷಕ್ಕೊಮ್ಮೆ ನೀರು ತೆಗೆದು ತೊಳೆಸುತ್ತಿದ್ದೆವು. ಬೆಳಿಗ್ಗೆ ಪಾಚಿಗೆ ಕ್ಲೋರಿನ್ ನೀರು ಹಾಕಿ ಉಜ್ಜುವುದು, ಮಧ್ಯಾಹ್ನ ನೀರಿನ ಮಟ್ಟದ ಸಾಲಿನಲ್ಲಿ ಕಟ್ಟಿದ ಬಿಳಿ ಉಪ್ಪಿಗೆ ಆಸಿಡ್ ಹಾಕುವುದು, ಇದು ಕ್ರಮ. ಮಧ್ಯದಲ್ಲಿ ಚೆನ್ನಾಗಿ ತೊಳೆಯಬೇಕು. ಆ ದಿನ ಮೇಲೆ ನಿಂತುಕೊಂಡೇ "ತೊಳೆದಾಯ್ತೇನೋ?" ಅಂತ ಕೇಳಿದೆ. "ಆಯ್ತು ಸಾರ್" ಅಂದ ಹುಡುಗ. ಇಳಿದು ನೋಡಲಿಲ್ಲ. ಆಳದ ಕಡೆ, ನೀರು ಹೋಗುವ ಜಾಲರಿಯ ಸುತ್ತ ಬೆಳಗಿನ ಕ್ಲೋರಿನ್ ನೀರು ಒಂದು ಮೊರದಗಲ ನಿಂತಿತ್ತು. ಮೇಲಿನಿಂದ ಹಾಕಿದ ಆಸಿಡ್ ಗೋಡೆಯುದ್ದ ಇಳಿದು ಅದಕ್ಕೆ ಸೇರಿತು. ಹಳದಿಯೂ ಅಲ್ಲ ಹಸಿರೂ ಅಲ್ಲ, ಅಂಥ ಒಂದು ಮಬ್ಬು ನೆಲದಿಂದ ಎದ್ದಿತು. ಹುಡುಗ ಕೆಮ್ಮುತ್ತಾ ಕೂತೇಬಿಟ್ಟ. ಅವನನ್ನು ಎತ್ತಲು ಇನ್ನೊಬ್ಬ ಹಾರಿದ. ಈಗ ಕೆಳಗೆ ಇಬ್ಬರಾದರು. ಹಗ್ಗ ಹಾಕಿ ಹೇಗೋ ಎಳೆದುಕೊಂಡೆವು. ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಈ ಗಾಳಿ ಕುಡಿದವರಿಗೆ ಆ ಹೊತ್ತಿಗೆ ಏನೂ ಇಲ್ಲದಂತೆ ಕಂಡರೂ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು ಅಂತ ಡಾಕ್ಟರು ಹೇಳಿದರು. ಇಬ್ಬರೂ ಬದುಕಿದರು. ನನಗೆ ಇವತ್ತಿಗೂ ಬ್ಲೀಚಿಂಗ್ ವಾಸನೆ ಬಂದರೆ ಮೊದಲು ಆ ಹುಡುಗನ ಮುಖ ನೆನಪಾಗುತ್ತದೆ.

ಬ್ಲೀಚಿಂಗ್‌ಗೆ ಆಸಿಡ್ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೈನ್ಯ ಎದುರಾಳಿಗಳ ಕಂದಕದ ಕಡೆಗೆ ತೂರಿಬಿಟ್ಟದ್ದು ಇದನ್ನೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗು ಹುಡುಕಿಕೊಂಡು ಇಳಿಯುತ್ತದೆ. ಇನ್ನು ನಿನ್ನ ಖಾಲಿ ಪೂಲನ್ನು ನೋಡು. ನಾಲ್ಕೂ ಕಡೆ ಗೋಡೆ, ಮೇಲೆ ಮಾತ್ರ ತೆರೆದದ್ದು, ಹತ್ತಲು ಒಂದೇ ಏಣಿ. ಕಂದಕಕ್ಕೂ ಅದಕ್ಕೂ ಏನು ವ್ಯತ್ಯಾಸ? ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡ.

ಹಾಗಾಗಿ ನೀನು ಈಗಾಗಲೇ ಎರಚಿದ ಬ್ಲೀಚಿಂಗ್ ಪೌಡರನ್ನು ಮೊದಲು ಪೂರ್ತಿ ತೊಳೆಸು. ಆಸಿಡ್ ಕ್ಯಾನು ಬೇರೆ ಕೋಣೆಗೆ ಹೋಗಲಿ. ಅದು ನಿನಗೆ ಬೇಕಾಗುವುದೂ ಇಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕಿಂತ ಮುಂಚೆ ಮನೆಯ ಬಾವಿಗೆ ಒಮ್ಮೆ ಬಗ್ಗಿ ನೋಡಿ ಬಾ.

ಪಾಚಿಗೂ ಬಾವಿಗೂ ಏನು ಸಂಬಂಧ ಅಂತೀಯ. ನಮ್ಮ ಮಲೆನಾಡಿನಲ್ಲಿ ಮಳೆ ನಿಂತ ಹೊಸತರಲ್ಲಿ ಬಾವಿ ಕೈಗೆಟುಕುವಷ್ಟು ತುಂಬಿರುತ್ತದೆ. ಬಾವಿಯಲ್ಲಿ ನೀರು ಎಷ್ಟು ಎತ್ತರಕ್ಕಿದೆಯೋ ಸುತ್ತಲಿನ ಮಣ್ಣಿನೊಳಗೂ ನೀರು ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕಿದೆ ಅಂತ ಲೆಕ್ಕ. ನಿನ್ನ ಪೂಲು 30 ಅಡಿ ಉದ್ದ, 15 ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳ. ತುಂಬಿದಾಗ ಸುಮಾರು 57 ಸಾವಿರ ಲೀಟರ್, ಅಂದರೆ 57 ಟನ್ ಭಾರ ಒಳಗಿನಿಂದ ಅದನ್ನು ಅದುಮಿ ಹಿಡಿದಿರುತ್ತದೆ. ಅದನ್ನು ತೆಗೆದುಬಿಟ್ಟೆ. ಈಗ ನೆಲದ ನೀರು ಪೂಲಿನ ತಳಕ್ಕಿಂತ ಬರೀ ಎರಡಡಿ ಮೇಲಿದ್ದರೂ ಅಡಿಯಿಂದ 25 ಟನ್ನಿನಷ್ಟು ಎತ್ತುಬಲ ಬೀಳುತ್ತದೆ. ಹೊಳೆಯಲ್ಲಿ ಖಾಲಿ ದೋಣಿ ಮೇಲೇಳುವ ಹಾಗೆ ಕೊಳವೇ ಮೇಲೇಳಲು ನೋಡುತ್ತದೆ. ಪೂರ್ತಿ ಏಳದಿದ್ದರೂ ತಳ ಉಬ್ಬುತ್ತದೆ, ಸೀಳು ಬಿಡುತ್ತದೆ, ಟೈಲ್ಸ್ ಪಟಪಟ ಏಳುತ್ತವೆ. ಪಾಚಿ ತೆಗೆಯಲು ಹೋಗಿ ಪೂಲನ್ನೇ ಕಳೆದುಕೊಂಡವರಿದ್ದಾರೆ.

ಬಾವಿಯ ನೀರಿನ ಮಟ್ಟ ಪೂಲಿನ ತಳಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ. ಮೇಲಿದ್ದರೆ, ಕಟ್ಟುವಾಗ ತಳದಲ್ಲಿ ಒತ್ತಡ ಬಿಡುವ ವಾಲ್ವ್ ಇಟ್ಟಿದ್ದಾರಾ ಅಂತ ಮೇಸ್ತ್ರಿಯನ್ನು ಕೇಳು; ಇಟ್ಟಿದ್ದರೆ ಅದು ಕೆಸರು ಕಟ್ಟದೆ ತೆರೆದುಕೊಳ್ಳುತ್ತಿದೆಯೇ ನೋಡು. ಇಟ್ಟಿಲ್ಲ ಅಂದರೆ, ಅಥವಾ ತಳದ ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ, ಇವತ್ತೇ ಅರ್ಧಕ್ಕಾದರೂ ನೀರು ತುಂಬಿಸು. ಆಗ ಮೇಲಿನ ಅರ್ಧ ಗೋಡೆಯನ್ನು ಈಗ ಉಜ್ಜಿಕೋ, ಕೆಳಗಿನದನ್ನು ನೀರೊಳಗೇ ಉದ್ದ ಕೋಲಿನ ಬ್ರಷ್ಷಿನಿಂದ ಮಾಡಿಸು. ಪೂರ್ತಿ ಖಾಲಿ ಮಾಡುವ ಕೆಲಸ ಫೆಬ್ರವರಿ, ಮಾರ್ಚಿನದು. ನೀನು ನನಗೆ ಖಾಲಿ ಮಾಡುವ ಮುಂಚೆ ಫೋನ್ ಮಾಡಬೇಕಿತ್ತು. ಇರಲಿ.

ಬಾವಿ ಒಪ್ಪಿಗೆ ಕೊಟ್ಟಿತು ಅಂತಲೇ ಇಟ್ಟುಕೊಂಡು ಮುಂದಿನದು ಹೇಳುತ್ತೇನೆ.

ಪಾಚಿ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಆದರೆ ನಿನ್ನ ಗೋಡೆಯಲ್ಲಿ ಕನಿಷ್ಠ ಎರಡು ಜಾತಿ ಇದೆ. ಲೋಳೆ ಲೋಳೆಯಾಗಿ ಹಸಿರಾಗಿರುವುದು ಅಂಗಳದ ಹಾವಸೆಯ ಹಾಗೆ. ನೋಡಲು ಹೆದರಿಕೆ, ಬಿಡುವುದು ಸುಲಭ. ಹಟಮಾರಿ ಅಂದರೆ ಟೈಲ್ಸ್ ಸಂದಿಯಲ್ಲಿ ರಾಗಿಕಾಳಿನಷ್ಟು, ಸಾಸಿವೆಕಾಳಿನಷ್ಟು ಕಪ್ಪು ಚುಕ್ಕಿಯಾಗಿ ಕೂತಿರುವುದು. ನಿಜ ಹೇಳಬೇಕೆಂದರೆ ಅದು ಪಾಚಿಯೇ ಅಲ್ಲ, ಸೈನೋಬ್ಯಾಕ್ಟೀರಿಯಾ ಅನ್ನುವ ಜೀವಿ. ಸಿಮೆಂಟಿನ ಸಣ್ಣ ಸಣ್ಣ ರಂಧ್ರಕ್ಕೆ ಇಳಿದು ಕೂರುತ್ತದೆ, ಮೈಮೇಲೆ ಅಂಟಿನಂಥ ಹೊದಿಕೆ ಹೊದ್ದುಕೊಳ್ಳುತ್ತದೆ. ನೀನು ಸುರಿದ ಕ್ಲೋರಿನ್ ಆ ಹೊದಿಕೆಯ ಮೇಲಿನಿಂದಲೇ ಜಾರಿ ಹೋಗುತ್ತದೆ. ಉಜ್ಜಿದಾಗ ತಲೆ ಹಾರುತ್ತದೆ, ಬುಡ ಉಳಿಯುತ್ತದೆ, ವಾರದಲ್ಲಿ ಮತ್ತೆ ಚುಕ್ಕಿ. ಇದರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಸುಮಾರು 240 ಕೋಟಿ ವರ್ಷದ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಲು ಶುರುವಾದದ್ದೇ ಇದರ ಪೂರ್ವಜರಿಂದ. ಅಷ್ಟು ಹಳೆಯ ವಂಶ ನಿನ್ನ ಅರ್ಧ ದಿನದ ಉಜ್ಜಾಟಕ್ಕೆ ಸೋಲುತ್ತದೆಯೇ?

ಬರೀ ಬಣ್ಣಕ್ಕೆ ಮೋಸ ಹೋಗಬೇಡ. ನಮ್ಮ ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣದಂಶ ಇರುತ್ತದೆ, ಅದು ಕಂದು ಕಲೆ ಬಿಡುತ್ತದೆ. ಒಂದು ಸಣ್ಣ ಜಾಗಕ್ಕೆ ಸ್ವಲ್ಪ ಕ್ಲೋರಿನ್ ನೀರು ಹಾಕಿ ಹತ್ತು ನಿಮಿಷ ಬಿಡು. ಬಣ್ಣ ಮಾಸಿದರೆ ಅದು ಪಾಚಿ, ಇಲ್ಲವೇ ಕೊಳೆತ ಎಲೆಯ ಕಲೆ. ಒಂದಿಷ್ಟೂ ಮಾಸಲಿಲ್ಲ, ಇನ್ನೂ ಗಾಢವಾಯಿತು ಅಂದರೆ ಕಬ್ಬಿಣ. ಆ ಜಾಗವನ್ನು ಚೆನ್ನಾಗಿ ತೊಳೆದು, ಮಾರನೆಯ ದಿನ ಚೀಪುವ ವಿಟಮಿನ್ ಸಿ ಮಾತ್ರೆ ಒಂದನ್ನು ಒದ್ದೆ ಮಾಡಿ ಕಲೆಯ ಮೇಲೆ ಉಜ್ಜಿ ನೋಡು. ಕಬ್ಬಿಣದ ಕಲೆ ಕಣ್ಣೆದುರಿಗೇ ತಿಳಿಯಾಗುತ್ತದೆ. ಕ್ಲಬ್ಬಿಗೆ ಬರುತ್ತಿದ್ದವರೊಬ್ಬರು ಇದನ್ನು ನೋಡಿ "ಏನಯ್ಯಾ, ಗೋಡೆಗೆ ನೆಗಡಿಯಾ?" ಅಂದಿದ್ದರು. ಮಾರನೆಯ ದಿನ ಅಂದದ್ದು ಯಾಕೆಂದರೆ ವಿಟಮಿನ್ ಸಿ ಕ್ಲೋರಿನ್ನನ್ನು ಕೊಂದುಬಿಡುತ್ತದೆ. ಎರಡೂ ಒಟ್ಟಿಗೆ ಹಾಕಿದರೆ ಎರಡೂ ದಂಡ.

ಇನ್ನು ಕೆಲಸಕ್ಕೆ ಇಳಿಯುವುದು. ಇಳಿಯುವ ಮುಂಚೆ ಪೂಲಿನ ಲೈಟು, ಪಂಪಿನ ಮೇನ್ ಸ್ವಿಚ್ ಆರಿಸಿ ಬೀಗ ಹಾಕು. ಖಾಲಿ ಇದ್ದಾಗ ಯಾರಾದರೂ ತಿಳಿಯದೆ ಫಿಲ್ಟರ್ ಪಂಪ್ ಒತ್ತಿದರೆ ನೀರಿಲ್ಲದೆ ಓಡಿ ಸೀಲ್ ಸುಟ್ಟುಹೋಗುತ್ತದೆ. ಬೆಳಿಗ್ಗೆ ಮೊದಲು ಮೇಲಿನಿಂದ ಒಮ್ಮೆ ಸರಿಯಾಗಿ ನೋಡು. ರಾತ್ರಿ ಕಪ್ಪೆ ಬಿದ್ದಿರುತ್ತದೆ, ಕಪ್ಪೆಯ ಹಿಂದೆ ಹಾವು ಬಿದ್ದಿರುತ್ತದೆ. ಒಂದು ಅಡಿಕೆ ದಬ್ಬೆ ಓರೆಯಾಗಿ ಇಳಿಸಿಟ್ಟರೆ ಅವು ತಾವಾಗಿಯೇ ಹತ್ತಿ ಹೋಗುತ್ತವೆ. ಹುಡುಗರಿಗೆ ಗಂಬೂಟು, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕಣ್ಣಿಗೆ ಮುಚ್ಚಿದ ಕನ್ನಡಕ. ಏಣಿ ತೆಗೆಯುವ ಹಾಗಿಲ್ಲ. ಕೆಳಗೆ ಎಷ್ಟೇ ಜನ ಇರಲಿ, ಮೇಲೊಬ್ಬ ನಿಂತಿರಬೇಕು, ಅವನ ಕೈಯಲ್ಲಿ ಹಗ್ಗ ಇರಬೇಕು, ಮೊಬೈಲ್ ಅಲ್ಲ. ಯಾರಿಗಾದರೂ ಉಸಿರು ಕಟ್ಟಿದರೆ ಮೇಲಿನವನು ಹಾರಬಾರದು, ಎಳೆಯಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆದು ಆಮೇಲೆ ಆಸ್ಪತ್ರೆ.

ಪಾಚಿ ಹಸಿಯಾಗಿದ್ದಾಗ ಬಿಟ್ಟಷ್ಟು ಸುಲಭವಾಗಿ ಒಣಗಿದ ಮೇಲೆ ಬಿಡುವುದಿಲ್ಲ. ಬಿಸಿಲಿಗೆ ಬಿಟ್ಟರೆ ತಾನೇ ಸತ್ತು ಉದುರುತ್ತದೆ ಅಂತ ಎರಡು ದಿನ ಬಿಟ್ಟಿದ್ದೀಯಲ್ಲ, ಅದರಿಂದ ಹಸಿರೆಲ್ಲ ಹಪ್ಪಳದ ಹಾಗೆ ಗೋಡೆಗೆ ಕಚ್ಚಿಕೊಂಡಿದೆ. ಬರೀ ನೀರು ಹಾಯಿಸಿ ಅರ್ಧ ಗಂಟೆ ನೆನೆಯಲು ಬಿಡು. ಆಮೇಲೆ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾ ಬರಲಿ. ಬಟ್ಟೆ ಒಗೆಯುವ ನೈಲಾನ್ ಬ್ರಷ್ ಸಾಕು, ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ತೆಂಗಿನ ಗುಂಜು ಇದಕ್ಕೆ ಯಾವ ಅಂಗಡಿಯ ಬ್ರಷ್ಷಿಗೂ ಕಮ್ಮಿಯಿಲ್ಲ. ಕಬ್ಬಿಣದ ತಂತಿ ಬ್ರಷ್ ಮಾತ್ರ ಬೇಡ; ಮುರಿದ ತುಣುಕು ಸಂದಿಯಲ್ಲಿ ಉಳಿದು ತುಕ್ಕು ಹಿಡಿದು ಹೊಸ ಕಲೆಯಾಗುತ್ತದೆ. ಕಾರು ತೊಳೆಯುವ ಪ್ರೆಷರ್ ವಾಷರ್ ಇದೆ ಅಂದೆ. ಬಳಸು, ಆದರೆ ನೀರು ಬೀಸಣಿಗೆಯ ಹಾಗೆ ಅಗಲವಾಗಿ ಬರುವ ಮೂತಿ ಹಾಕು, ಗೋಡೆಯಿಂದ ಒಂದಡಿ ದೂರ ಹಿಡಿ. ಸೂಜಿಯಂಥ ಧಾರೆ ಹಿಡಿದರೆ ಪಾಚಿಯ ಜತೆ ಗ್ರೌಟೂ ಎದ್ದುಬರುತ್ತದೆ. ಒದ್ದೆ ಗುಂಡಿಯಲ್ಲಿ ಕರೆಂಟಿನ ಯಂತ್ರ ಅಂದಮೇಲೆ ಶಾಕ್ ಹೊಡೆದರೆ ತಾನೇ ಟ್ರಿಪ್ ಆಗುವ ಸ್ವಿಚ್ಚಿನಿಂದಲೇ ಲೈನ್ ಎಳೆಯಬೇಕು.

ಇಷ್ಟಕ್ಕೆ ನೂರಕ್ಕೆ ಎಂಬತ್ತು ಪಾಲು ಹೋಗಿರುತ್ತದೆ. ಉಳಿದದ್ದಕ್ಕೆ ಕ್ಲೋರಿನ್. ಬ್ಲೀಚಿಂಗ್ ಪೌಡರ್ ಒಣಗಿದ ಪುಡಿಯಾಗಿ ಎರಚಿದರೆ ಗೋಡೆಗೆ ತಾಗುವುದೇ ಇಲ್ಲ, ಎಲ್ಲ ನೆಲದಲ್ಲಿ ಸುಣ್ಣವಾಗಿ ಕೂರುತ್ತದೆ. ಅದರಲ್ಲಿ ಹೊಸದಾಗಿದ್ದಾಗಲೇ ಕ್ಲೋರಿನ್ ಇರುವುದು ಮೂರನೇ ಒಂದು ಪಾಲು. ಮಳೆಗಾಲದ ತೇವಕ್ಕೆ ಬಾಯಿ ಬಿಚ್ಚಿಟ್ಟ ಚೀಲದ್ದಾದರೆ ಅದೂ ಇಲ್ಲ. ಮೂಗಿಗೆ ಘಾಟು ಹೊಡೆಯದ ಬ್ಲೀಚಿಂಗ್ ಪೌಡರ್ ಅಂದರೆ ಬರೀ ಸುಣ್ಣ ಅಂತ ತಿಳಿ. ಅದರ ಬದಲು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತರಿಸು, ಕ್ಯಾನಿನಲ್ಲಿ ಬರುವುದು 10ರಿಂದ 12 ಪರ್ಸೆಂಟಿನದು. ಅದೂ ಹಳೆಯದಾದಷ್ಟು ಸತ್ತ್ವ ಕಳೆದುಕೊಳ್ಳುತ್ತದೆ, ತಯಾರಾದ ತಾರೀಖು ನೋಡಿ ತಗೋ. 40 ಲೀಟರ್ ನೀರಿಗೆ 10 ಲೀಟರ್ ದ್ರಾವಣ ಹಾಕು, ನಿನ್ನ ಪೂಲಿಗೆ ಒಂದು ಸುತ್ತಿಗೆ ಅಷ್ಟು ಸಾಕು. ಹೊತ್ತು ಮುಳುಗುವ ಮುಂಚಿನ ತಂಪಿನಲ್ಲಿ ಅಥವಾ ಬೆಳಿಗ್ಗೆ ಬೇಗ ಹಾಕಬೇಕು. ನಡುಹಗಲಿನ ಬಿಸಿಲು ಕ್ಲೋರಿನ್ನನ್ನು ತಿಂದುಹಾಕುತ್ತದೆ. ಹೂಗಿಡಕ್ಕೆ ನೀರು ಹಾಕುವ ಪ್ಲಾಸ್ಟಿಕ್ ಝಾರಿಯಿಂದ ಗೋಡೆಯ ಮೇಲಂಚಿನಿಂದ ಇಳಿಬಿಡು. ತೋಟಕ್ಕೆ ಔಷಧಿ ಹೊಡೆಯುವ ಪಂಪ್ ಬೇಡ, ಅದರ ತುಂತುರು ನೇರ ಮೂಗಿಗೇ ಹೋಗುತ್ತದೆ. ಅರ್ಧ ಗಂಟೆ ಗೋಡೆ ಒದ್ದೆಯಾಗಿಯೇ ಇರಬೇಕು, ಒಣಗುತ್ತಿದೆ ಅನಿಸಿದರೆ ಇನ್ನೊಮ್ಮೆ ಹಾಕು. ಆಮೇಲೆ ಉಜ್ಜಿ ತೊಳೆ.

ಕಪ್ಪು ಚುಕ್ಕಿಗೆ ಕ್ರಮ ತಿರುಗುಮುರುಗು. ಮೊದಲು ಉಜ್ಜಿ ಆ ಅಂಟು ಹೊದಿಕೆ ಹರಿಯಬೇಕು, ಆಮೇಲೆ ಮದ್ದು. ಒಂದೊಂದು ಚುಕ್ಕಿಯನ್ನೂ ಗಟ್ಟಿ ಬ್ರಷ್ಷಿನಿಂದ ಗೀರಿಸಿ, ತಕ್ಷಣ ಬ್ಲೀಚಿಂಗ್ ಪೌಡರನ್ನು ದೋಸೆಹಿಟ್ಟಿನ ಹದಕ್ಕೆ ನೀರಿನಲ್ಲಿ ಕಲಸಿ ಅದರ ಮೇಲೆ ಮೆತ್ತಿ ಇಪ್ಪತ್ತು ನಿಮಿಷ ಬಿಡು. ತೊಳೆ. ಮಾರನೆಯ ದಿನ ಅದನ್ನೇ ಇನ್ನೊಮ್ಮೆ ಮಾಡು. ಮೂರನೆಯ ದಿನ ಇನ್ನೊಮ್ಮೆ. ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ, ಚಹಾ ಜಾಸ್ತಿ ಕೊಡು. ಮೂರು ಸುತ್ತಾದ ಮೇಲೂ ಸಂದಿಯಲ್ಲಿ ಕಪ್ಪು ಉಳಿದರೆ ಆ ಸಂದಿಯ ಗ್ರೌಟೇ ಟೊಳ್ಳಾಗಿದೆ ಅಂತ ಅರ್ಥ. ಅಲ್ಲಿ ಮಾತ್ರ ಕೆರೆದು ತೆಗೆದು ಇಪಾಕ್ಸಿ ಗ್ರೌಟ್ ತುಂಬಿಸು. ದುಬಾರಿಯೇ, ಆದರೆ ಅದರಲ್ಲಿ ರಂಧ್ರ ಇಲ್ಲ, ಕಪ್ಪಿಗೆ ಬೇರೂರಲು ಜಾಗ ಇಲ್ಲ.

ಈಗ ಆಸಿಡ್ ಯಾಕೆ ಬೇಡ ಅನ್ನುವುದಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ನಾವು ಯಾಕೆ ಹಾಕುತ್ತಿದ್ದೆವು ಅಂದರೆ ಅಲ್ಲಿಯದು ಬೋರ್‌ವೆಲ್ಲಿನ ಗಡಸು ನೀರು. ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದು ಸುಣ್ಣದ ಜಾತಿ, ಆಸಿಡ್ಡಿಗೆ ಕರಗುತ್ತದೆ. ನಿಮ್ಮ ಕೊಪ್ಪದ ಕಡೆಯ ನೀರು ಮೆದು ನೀರು, ಕೆಟಲಿನೊಳಗೆ ಬಿಳಿ ಕಟ್ಟುವುದೇ ಇಲ್ಲ. ತೆಗೆಯಲು ಬಿಳಿ ಪದರವೇ ಇಲ್ಲದ ಮೇಲೆ ಆಸಿಡ್ ಏನನ್ನು ತಿನ್ನಬೇಕು? ಗ್ರೌಟನ್ನು ತಿನ್ನುತ್ತದೆ. ಮೊದಲ ದಿನ ಪೂಲು ಹೊಸದರಂತೆ ಹೊಳೆಯುತ್ತದೆ, ನಿಜ. ಸಿಮೆಂಟಿನ ಮೇಲ್ಪದರವೇ ಹೋಗಿರುವುದರಿಂದ ಅದರ ಮೇಲಿದ್ದ ಪಾಚಿಯೂ ಹೋಗಿರುತ್ತದೆ. ಆದರೆ ಕೆಳಗಿನ ಒರಟು ಮೈ ಹೊರಗೆ ಬಂದಿರುತ್ತದೆ, ಮುಂದಿನ ಮಳೆಗಾಲದ ಪಾಚಿಗೆ ಅದು ಉತ್ತು ಹದ ಮಾಡಿಟ್ಟ ಗದ್ದೆ. ವರ್ಷ ವರ್ಷ ಆಸಿಡ್ ಹಾಕಿಸಿದವರ ಪೂಲಿನಲ್ಲೇ ವರ್ಷ ವರ್ಷ ಪಾಚಿ ಜಾಸ್ತಿಯಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಮಪ್ಪ ಇನ್ನೊಂದು ಸಲಹೆ ಕೊಟ್ಟಿರುತ್ತಾನೆ, ನನಗೆ ನನ್ನ ತಮ್ಮ ಗೊತ್ತಿಲ್ಲವೇ? "ಸುಮ್ಮನೆ ಒಂದು ಹಿಡಿ ಮೈಲುತುತ್ತ ಹಾಕೋ" ಅಂದಿರುತ್ತಾನೆ. ಅಡಿಕೆಯವರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಮೈಲುತುತ್ತದ ಮೇಲೆ ದೇವರಷ್ಟು ನಂಬಿಕೆ. ತಪ್ಪಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಿಕೊಟ್ಟು ನೂರು ವರ್ಷ ದಾಟಿತು, ಇವತ್ತಿಗೂ ನಮ್ಮ ಕೊನೆ ಉಳಿಯುವುದು ಅದರಿಂದಲೇ. ಮೈಲುತುತ್ತದಲ್ಲಿರುವ ತಾಮ್ರಕ್ಕೆ ಪಾಚಿ ಸಾಯುವುದೂ ನಿಜ. ಆದರೆ ಪೂಲಿನಲ್ಲಿ ಪ್ರಮಾಣ ತಪ್ಪಿದರೆ ಆ ತಾಮ್ರ ಬಿಳಿ ಗ್ರೌಟಿನ ಮೇಲೆ ನೀಲಿ, ಹಸಿರು, ಕಪ್ಪು ಕಲೆಯಾಗಿ ಕೂರುತ್ತದೆ, ನೆರೆತ ಕೂದಲಿನವರು ಈಜಿದರೆ ಕೂದಲಿಗೂ ಹಸಿರು ಛಾಯೆ ಬರಬಹುದು. ಆ ನೀರನ್ನು ಹಳ್ಳಕ್ಕೆ ಬಿಟ್ಟರಂತೂ ಮೀನು ಸಾಯುತ್ತವೆ. ಅಡಿಕೆಯ ಮದ್ದು ಅಡಿಕೆಗೇ ಇರಲಿ.

ನಾನು ಹೇಳುತ್ತಿರುವುದು ಇಷ್ಟೇ ಮಗಾ: ಒಂದು ಸಲಕ್ಕೆ ಒಂದೇ ಮದ್ದು, ಇನ್ನೊಂದಕ್ಕೆ ಮುಂಚೆ ತೊಳೆ. ಇದು ದೊಡ್ಡ ದೊಡ್ಡವರಿಗೂ ತಪ್ಪಿಹೋಗಿದೆ. 2016ರ ರಿಯೊ ಒಲಿಂಪಿಕ್ಸ್ ನಡೆಯುತ್ತಿರುವಾಗಲೇ ಡೈವಿಂಗ್ ಕೊಳ ರಾತ್ರಿ ಬೆಳಗಾಗುವುದರೊಳಗೆ ಎಲೆಹಸಿರಾಯಿತು, ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಕಾರಣ ಹುಡುಕಿದರೆ, ಕ್ಲೋರಿನ್ ಇದ್ದ ನೀರಿಗೆ ಯಾರೋ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಎರಡೂ ಒಳ್ಳೆಯ ಮದ್ದೇ. ಒಂದನ್ನೊಂದು ಕೊಂದುಕೊಂಡವು, ನಡುವೆ ಪಾಚಿ ಗೆದ್ದಿತು. ಅಲ್ಲಿ ಮಾನ ಹೋಯಿತು ಅಷ್ಟೆ. ಬ್ಲೀಚಿಂಗ್ ಪೌಡರ್ ಇದ್ದ ಬಕೆಟ್ಟಿಗೇ ಪೂಲಿನ ಕ್ಲೋರಿನ್ ಮಾತ್ರೆ ಹಾಕಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಒಂದೇ ಮಗ್ಗು, ಒಂದೇ ಬಕೆಟ್ ಬಳಸುವವರಿದ್ದಾರೆ. ಒಂದೊಂದಕ್ಕೂ ಬೇರೆ ಬಕೆಟ್ ಇಡು, ಮೇಲೆ ಬಣ್ಣದಲ್ಲಿ ಹೆಸರು ಬರೆದಿಡು. ಕಲಸುವಾಗ ಮೊದಲು ಬಕೆಟ್ಟಿನಲ್ಲಿ ನೀರು, ಆಮೇಲೆ ಅದಕ್ಕೆ ಮದ್ದು.

ತೊಳೆದ ನೀರು ಎಲ್ಲಿಗೆ ಹೋಗುತ್ತಿದೆ ನೋಡಿಕೊಂಡೆಯಾ? ನಿಮ್ಮ ತೋಟದ ಬಸಿಗಾಲುವೆ ನೇರ ಹಳ್ಳಕ್ಕೆ ಇಳಿಯುತ್ತದೆ, ಕೆಳಗೆ ಬೇರೆಯವರ ಮನೆಗಳಿವೆ. ಒಂದು ಗುಂಡಿ ತೋಡಿ, ಬಾವಿಯಿಂದ ದೂರದಲ್ಲಿ, ಅದಕ್ಕೆ ಬಿಡು. ಎರಡು ಮೂರು ದಿನ ಬಿಸಿಲು ಬಿದ್ದರೆ ಕ್ಲೋರಿನ್ ಇಳಿದುಹೋಗುತ್ತದೆ.

ಗೋಡೆ ಬೆಳ್ಳಗಾಯಿತು ಅಂತ ನೀರು ತುಂಬಿಸಲು ಓಡಬೇಡ. ಪಾಚಿ ಅಡಗುವ ಜಾಗಗಳು ಬೇರೆಯೇ ಇವೆ: ಲೈಟಿನ ಹಿಂದಿನ ಗೂಡು, ಏಣಿಯ ಮೆಟ್ಟಿಲ ಅಡಿ, ನೀರು ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿ, ಪೈಪು. ಈಗ ಉಜ್ಜಿದ ಬ್ರಷ್ಷೂ ಅದರಲ್ಲೊಂದು. ಅದನ್ನೂ ಮಕ್ಕಳ ರಬ್ಬರ್ ಆಟಿಕೆಗಳನ್ನೂ ಕ್ಲೋರಿನ್ ನೀರಿನಲ್ಲಿ ಅದ್ದಿ ತೊಳೆ. ನೀರು ತುಂಬಿದ ಮೇಲೆ ಮೊದಲ ಕೆಲಸ ಮರಳಿನ ಫಿಲ್ಟರ್ ಬ್ಯಾಕ್‌ವಾಶ್, ಗಾಜಿನ ಕಿಂಡಿಯಲ್ಲಿ ತಿಳಿನೀರು ಕಾಣುವವರೆಗೆ. ಆ ದಿನ ಸಂಜೆ 65 ಪರ್ಸೆಂಟಿನ ಕ್ಲೋರಿನ್ ಹರಳು 900 ಗ್ರಾಂ ಬಕೆಟ್ ನೀರಿನಲ್ಲಿ ಕರಗಿಸಿ ಸುತ್ತಲೂ ಹಾಕಿ ರಾತ್ರಿಯಿಡೀ ಪಂಪ್ ಓಡಿಸು. ನಿನ್ನ 57 ಸಾವಿರ ಲೀಟರಿಗೆ ಅದು 10 ಪಿಪಿಎಂ ಆಗುತ್ತದೆ. ಇಳಿದು 3ಕ್ಕೆ ಬರುವವರೆಗೆ ಯಾರನ್ನೂ ನೀರಿಗೆ ಬಿಡಬೇಡ, ಎಷ್ಟೇ ದುಡ್ಡು ಕೊಟ್ಟ ಅತಿಥಿಯಾದರೂ ಸರಿ. ಆಮೇಲೆ 1ರಿಂದ 3ರ ನಡುವೆ ಇರಲಿ. ಪಿಎಚ್ 7.2ರಿಂದ 7.6. ಈ ಪಿಎಚ್ ವಿಷಯವನ್ನು ನೀನು ಹಗುರವಾಗಿ ತಗೊಂಡಿದ್ದೀಯ ಅಂತ ನನಗೆ ಅನುಮಾನ. 7.2 ಇದ್ದಾಗ ಹಾಕಿದ ಕ್ಲೋರಿನ್ನಿನ ಮೂರರಲ್ಲಿ ಎರಡು ಪಾಲು ಕೆಲಸಕ್ಕೆ ಬರುತ್ತದೆ, 8ಕ್ಕೆ ಏರಿದರೆ ನಾಲ್ಕರಲ್ಲಿ ಒಂದೇ ಪಾಲು. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ಸಾಕು, ದಿನಾ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅದನ್ನೂ ನೋಡು.

ಮುಂದಿನ ಮಳೆಗಾಲದಲ್ಲಿ ಮುಚ್ಚಿ ಮರೆತುಬಿಡಬೇಡ. ನಿಮ್ಮ ಕಡೆ 3000 ಮಿಲಿಮೀಟರ್ ಮಳೆ ಬಿತ್ತು ಅಂದರೆ, ನಾಲ್ಕೂವರೆ ಅಡಿ ಆಳದ ಪೂಲಿನ ಮೇಲೆ ಅದರ ನೀರಿನ ಎರಡು ಪಟ್ಟು ಮಳೆನೀರು ಬಿದ್ದು ಹೊರಚೆಲ್ಲಿ ಹೋದ ಹಾಗೆ. ಜೂನ್‌ನಲ್ಲಿ ಹಾಕಿದ ಕ್ಲೋರಿನ್ ಜುಲೈಗೆ ಎಲ್ಲಿರುತ್ತದೆ? ಕರೆಂಟ್ ಇದ್ದಾಗ ದಿನಕ್ಕೆರಡು ಗಂಟೆ ಪಂಪ್, ಎರಡು ದಿನಕ್ಕೊಮ್ಮೆ ಸಂಜೆ ಕ್ಲೋರಿನ್, ವಾರಕ್ಕೊಮ್ಮೆ ಒಂದು ಸುತ್ತು ಬ್ರಷ್. ಎಲೆ ಬಿದ್ದದ್ದನ್ನು ಬಲೆಯಲ್ಲಿ ಎತ್ತು. ಹಾಗೆ ಮಾಡಿದರೆ ಅಕ್ಟೋಬರಿನಲ್ಲಿ ಖಾಲಿ ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಆಸಿಡ್ ಕ್ಯಾನುಗಳನ್ನು ಅಂಗಡಿಯವನು ವಾಪಸ್ ತಗೊಂಡರೆ ಕೊಟ್ಟುಬಿಡು. ಈಗ ಇದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬಾವಿಕಟ್ಟೆಗೆ ಹೋಗು. ನೀರು ಎಷ್ಟು ಅಡಿಯಲ್ಲಿದೆ ಹಗ್ಗ ಬಿಟ್ಟು ಅಳೆದು, ಸಿಗ್ನಲ್ ಸಿಗುವ ಜಾಗಕ್ಕೆ ಬಂದು ಫೋನ್ ಮಾಡು. ಅಲ್ಲಿವರೆಗೆ ಯಾರನ್ನೂ ಕೆಳಗೆ ಇಳಿಸಬೇಡ.